ನಲವತ್ತೆರಡು ಕಂಬಗಳ ಮೆರವಣಿಗೆ

ಕಂಬ ಎಂದರೆ ನಿಂತಲ್ಲೇ ನಿಲ್ಲುವ ವಸ್ತು. ಆ ಗಣಿಯ ಕಂಬಗಳು ಮಾತ್ರ ವರ್ಷಕ್ಕೊಮ್ಮೆ ನಡೆಯುತ್ತಿದ್ದವು.

ನೆಲದಡಿಯಲ್ಲಿ ಮೂರು ಸುರಂಗಗಳಿದ್ದವು. ಕಲ್ಲಿದ್ದಲು ಕಡಿದು ಹೊರಗೆ ಕಳಿಸಿದಂತೆಲ್ಲ ಮೇಲಿನ ಬಂಡೆಯ ಕೆಳಗೆ ಏನೂ ಉಳಿಯುವುದಿಲ್ಲ. ಅಷ್ಟು ದೊಡ್ಡ ಬಂಡೆ ಸುಮ್ಮನೆ ಗಾಳಿಯಲ್ಲಿ ಎಷ್ಟು ದಿನ ಕೂತೀತು? ಮೂರು ಹೆಜ್ಜೆಗೊಂದು ಉಕ್ಕಿನ ಕಂಬ ನಿಲ್ಲಿಸಬೇಕೆಂದು ಕಾನೂನು. ಹಾಗೆ ನಿಲ್ಲಿಸಲು ನೂರಿಪ್ಪತ್ತಾರು ಕಂಬ ಬೇಕು. ಇದ್ದದ್ದು ನಲವತ್ತೆರಡು. ಅವನ್ನೇ ಮೂರೂ ಸುರಂಗಗಳಿಗೆ ಹಂಚಿ, ಒಂಬತ್ತು ಹೆಜ್ಜೆಗೊಂದರಂತೆ ನಿಲ್ಲಿಸಿ, ಮಿಕ್ಕದ್ದನ್ನು ಕಂಪನಿ ಬಂಡೆಯ ಒಳ್ಳೆಯ ಗುಣಕ್ಕೆ ಬಿಟ್ಟಿತ್ತು.

ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಬರುತ್ತಿದ್ದರು. ಬರುವ ಹಿಂದಿನ ದಿನ ನಲವತ್ತೆರಡೂ ಕಂಬಗಳು ಒಂದೇ ಸುರಂಗ ಸೇರುತ್ತಿದ್ದವು. ಅವರು ಅದನ್ನು ನೋಡಿ ಮೇಲೆ ಹೋಗಿ ಟೀ ಕುಡಿಯುವಷ್ಟರಲ್ಲಿ ಕಂಬಗಳು ಎರಡನೆಯದಕ್ಕೆ. ಅದನ್ನು ನೋಡಿ ಊಟ ಮುಗಿಸುವಷ್ಟರಲ್ಲಿ ಮೂರನೆಯದಕ್ಕೆ. ಒಂದೊಂದು ಕಂಬವೂ ಒಬ್ಬ ದಪ್ಪ ಮನುಷ್ಯನಷ್ಟು ಭಾರ. ಇಬ್ಬರು ಹೆಗಲು ಕೊಟ್ಟು, ಬೆನ್ನು ಬಗ್ಗಿಸಿ, ಮೊಣಕಾಲುದ್ದ ನೀರಿನಲ್ಲಿ ಓಡಬೇಕು. ಹೆಗಲ ಮೂಳೆಯ ಮೇಲೆ ಚರ್ಮ ಕಿತ್ತು ಬರುತ್ತಿತ್ತು. ಕಂಪನಿಯ ಕಾಗದದಲ್ಲಿ ಇದಕ್ಕೆ ‘ಸಾಮಗ್ರಿ ನಿರ್ವಹಣೆ’ ಎಂದು ಹೆಸರು. ಹೊರುವವರು ಮೆರವಣಿಗೆ ಎನ್ನುತ್ತಿದ್ದರು. ಒಮ್ಮೆ ಇನ್ಸ್‌ಪೆಕ್ಟರ್ ಮೂರನೆಯ ಸುರಂಗದಲ್ಲಿ ನಿಂತು, ಈ ಗಣಿಯಲ್ಲಿ ಎಲ್ಲ ಕಂಬಗಳೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ, ಶಿಸ್ತು ಅಂದರೆ ಇದು ಎಂದು ಹೊಗಳಿದ್ದರು. ಹೊತ್ತು ಹೊತ್ತು ಉಸಿರು ಕಟ್ಟಿದ್ದವರಿಗೆ ನಗುವುದಕ್ಕೂ ಉಸಿರಿರಲಿಲ್ಲ.

ಈ ಕಂಬಗಳನ್ನು ನಿಲ್ಲಿಸುವವನೇ ಕಂಬದ ಮಾವ. ಗಣಿಗೆ ಇಳಿಯುವವರಲ್ಲಿ ಅರ್ಧ ಜನ ಅವನ ಹೆಂಡತಿಯ ಕಡೆಯ ನೆಂಟರು. ಅವರಿಗೆ ಮಾವನಾದವನು ಉಳಿದರ್ಧ ಜನಕ್ಕೂ ಮಾವನೇ ಆದ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಆದರೆ ಕಂಪನಿಯ ಪಟ್ಟಿಯಲ್ಲಿ ಕಡಿಯುವವರು, ತುಂಬುವವರು, ತಳ್ಳುವವರು ಎಂದೆಲ್ಲ ಬರೆದು ಕೊನೆಯಲ್ಲಿ ‘ಇತರೆ’ ಎಂದು ಒಂದು ಸಾಲಿತ್ತು. ಮಾವ ಇದ್ದದ್ದು ಆ ಸಾಲಿನಲ್ಲಿ. ಕಂಬ ಇಲ್ಲದ ಕಡೆ ಯಾರೂ ಕಾಲಿಡಬಾರದು ಎಂಬ ಬೋರ್ಡು ಸುರಂಗದ ಬಾಯಲ್ಲೇ ಇತ್ತು. ಕಂಬ ನಿಲ್ಲಿಸುವವನು ಮಾತ್ರ ಕಂಬ ಇಲ್ಲದ ಕಡೆಯೇ ಕಾಲಿಡಬೇಕು. ಆ ಬೋರ್ಡು ಅವನಿಗೆ ಅನ್ವಯಿಸದು. ಅವನು ‘ಇತರೆ’.

ಅವನ ಕೆಲಸದಲ್ಲಿ ಕೈಗಿಂತ ಕಿವಿಗೇ ಹೆಚ್ಚು ದುಡಿಮೆ. ಕಬ್ಬಿಣದ ಸಲಾಕೆಯಿಂದ ಚಾವಣಿಯ ಬಂಡೆಗೆ ಒಂದು ತಟ್ಟು. ಠಣ್ ಎಂದರೆ ಗಟ್ಟಿ. ಬದ್ ಎಂದರೆ ಒಳಗೆ ಬಿರುಕು, ಬಂಡೆ ಕಳಚಿಕೊಂಡಿದೆ, ನೆಪ ಕಾಯುತ್ತಿದೆ. ಎರಡೂ ಅಲ್ಲದ ಒಂದು ಸದ್ದಿದೆ. ಅದನ್ನು ಕೇಳಲು ಎಡಗೈಯನ್ನು ಬಂಡೆಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲಬೇಕು. ಹೀಗೆ ನಿಂತು ನಿಂತು ಮಾವನಿಗೆ ಮಾತೇ ಬತ್ತಿಹೋಗಿತ್ತು. ತಾನು ಬಾಯಿ ಬಿಟ್ಟರೆ ಬಂಡೆಯ ಮಾತು ತಪ್ಪಿಹೋಗುತ್ತದೆ ಎಂಬ ಭಯ ಅವನ ಜೊತೆ ಮನೆಗೂ ಬರುತ್ತಿತ್ತು. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆದರೆ ತಟ್ಟುವ ಚಟ ಬಿಟ್ಟಿರಲಿಲ್ಲ. ಬಾಡಿಗೆ ಮನೆ ನೋಡಲು ಹೋದರೆ ಗೋಡೆ ತಟ್ಟುತ್ತಿದ್ದ; ಮನೆಯ ಮಾಲೀಕರ ಮುಖ ಕಪ್ಪಿಡುತ್ತಿತ್ತು. ಒಮ್ಮೆ ಡಾಕ್ಟರು ಅವನ ಎದೆಯ ಮೇಲೆ ಬೆರಳಿಟ್ಟು ತಟ್ಟಿ ನೋಡುವಾಗ, ಒಂದೇ ಕಸುಬಿನವರನ್ನು ಕಂಡ ಹಾಗೆ ಮುಖ ಅರಳಿಸಿ, “ಹೇಗಿದೆ ಸಾರ್, ಟೊಳ್ಳಾ?” ಎಂದು ಕೇಳಿದ್ದ.

ಹೆಂಡತಿ ಅವನಿಗೆ ತದ್ವಿರುದ್ಧ. ಅವಳ ಕೆಲಸ ಗಣಿಯ ಬಾಯಲ್ಲಿ, ಬಿಲ್ಲೆ ಕೋಣೆಯಲ್ಲಿ. ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅವಳ ಕೈಗೆ ಕೊಡಬೇಕು. ಅವಳು ಅದನ್ನು ಗೋಡೆಯ ಮೊಳೆಗೆ ನೇತುಹಾಕುತ್ತಾಳೆ. ಹತ್ತಿ ಬಂದವನು ಬಿಲ್ಲೆ ವಾಪಸು ತಗೊಳ್ಳುತ್ತಾನೆ. ಮೊಳೆಯಲ್ಲಿ ಬಿಲ್ಲೆ ಉಳಿದರೆ ಕೆಳಗೆ ಮನುಷ್ಯ ಉಳಿದಿದ್ದಾನೆ ಎಂದರ್ಥ. ಗಂಡ ಉಳಿಸಿದ ಮಾತನ್ನೆಲ್ಲ ಅವಳೇ ಖರ್ಚು ಮಾಡುತ್ತಿದ್ದಳು.

ಅವಳ ಪಕ್ಕದಲ್ಲಿ ಸ್ಟೂಲಿನ ಮೇಲೆ ಅವಳ ತಮ್ಮ. ಹಿಂದಿನ ವರ್ಷದ ಮೆರವಣಿಗೆಯಲ್ಲಿ ಅವನೂ ಹೆಗಲು ಕೊಟ್ಟಿದ್ದ. ಎರಡನೆಯ ಸುರಂಗದ ಕಂಬಗಳನ್ನೆಲ್ಲ ಕಿತ್ತ ಮೇಲೆ, ನೀರಿನ ಬಾಟಲಿ ಮರೆತಿತ್ತೆಂದು ತರಲು ಒಳಗೆ ಹೋದ. ಮಂಚದಷ್ಟು ಅಗಲದ ಬಂಡೆ ಮಂಚದ ಹಾಗೆಯೇ ಬಂದು ಬಿತ್ತು. ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಕಂಪನಿ ವಿಚಾರಣೆ ಮಾಡಿ ಕಾರಣ ಬರೆಯಿತು: ಬಾಟಲಿ ಮರೆತ ಅಜಾಗರೂಕತೆ. ಅವತ್ತಿನಿಂದ ಯಾರು ಕಾಲಿನ ವಿಷಯ ಎತ್ತಿದರೂ ಅವನು, ಅದು ಮೆರವಣಿಗೆಗೆ ಹೋಗಿದೆ, ಇನ್ನೂ ಮನೆಗೆ ಬಂದಿಲ್ಲ ಅನ್ನುತ್ತಿದ್ದ. ಜನ ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ. ಆ ಕಂಬಗಳನ್ನು ಕಿತ್ತಿದ್ದು ಅವನೇ.

ಈ ವರ್ಷದ ತಪಾಸಣೆಯ ದಿನ ಬಂತು. ಎಲ್ಲರಿಗೂ ಹೊಸ ಹಳದಿ ಹೆಲ್ಮೆಟ್ ಹಂಚಿದರು. ಸಂಜೆ ವಾಪಸು ಕೊಡಬೇಕೆಂದು ಹಂಚುವಾಗಲೇ ಹೇಳಿದರು. ಪ್ರತಿವರ್ಷ ಆ ದಿನ ಕಡಿಯುವ ಕೆಲಸ ನಿಲ್ಲುತ್ತಿತ್ತು. ಈ ವರ್ಷ ಮೇಲಿನವರಿಗೆ ಕಲ್ಲಿದ್ದಲಿನ ಅವಸರ. ಮೂರನೆಯ ಸುರಂಗದ ತುದಿಯಲ್ಲಿ ಹನ್ನೊಂದು ಜನ ಕಡಿಯುತ್ತಲೇ ಇರಬೇಕು ಎಂದು ಹುಕುಂ ಆಯಿತು. ಇನ್ಸ್‌ಪೆಕ್ಟರೂ ಈ ಸಲ ಮೂರನೆಯದನ್ನೇ ಮೊದಲು ನೋಡುತ್ತೇನೆ ಎಂದಿದ್ದರು. ನಲವತ್ತೆರಡು ಕಂಬಗಳೂ ಅಲ್ಲಿ ಸಾಲಾಗಿ ನಿಂತಿದ್ದವು.

ಬಿಲ್ಲೆ ಕೊಡುವಾಗ ಹೆಂಡತಿ ಗಂಡನ ಕೈ ಬಿಡಲಿಲ್ಲ.

“ಮೂರನೇದರಲ್ಲಿ ಹನ್ನೊಂದು ಬಿಲ್ಲೆ ಇವೆ. ಹನ್ನೊಂದೂ ಸಂಜೆ ಮೊಳೆಯಿಂದ ಇಳೀಬೇಕು ರೀ. ಆಮೇಲೆ ಬಂದು ನನ್ನ ಮುಂದೆ ಮೂಕನ ಥರ ಕೂತ್ಕೊಂಡ್ರೆ ನಾನು ಕೇಳಲ್ಲ.”

ಮಾವ ತಲೆ ಆಡಿಸಿದ. ಅದು ಹೌದೋ ಅಲ್ಲವೋ ಎಂದು ಹೇಳುವುದು ಅವಳಿಗೂ ಕಷ್ಟ.

ಇನ್ಸ್‌ಪೆಕ್ಟರ್ ಬಂದರು. ಕಂಬಗಳ ಸಾಲು ನೋಡಿದರು. ತುದಿಯಲ್ಲಿ ಕಡಿಯುತ್ತಿದ್ದ ಹನ್ನೊಂದು ಬೆನ್ನುಗಳನ್ನು ನೋಡಿದರು. ಸುತ್ತಿಗೆ ಹಿಡಿದು ನಿಂತಿದ್ದ ಮಾವನನ್ನೂ ಒಮ್ಮೆ ನೋಡಿದರು. ಪುಸ್ತಕದಲ್ಲಿ ಗೀಚಿಕೊಂಡು ಟೀಗೆ ಹೋದರು.

ಅವರ ಬೆನ್ನು ಮರೆಯಾಗುತ್ತಲೇ ಪೌಡರ್ ಸಾಹೇಬರು ಓಡಿಬಂದರು. ಅಸಿಸ್ಟೆಂಟ್ ಮ್ಯಾನೇಜರ್. ಗಣಿಗೆ ಇಳಿಯುವ ದಿನವೂ ಮುಖಕ್ಕೆ ಪೌಡರ್ ಹಾಕಿಕೊಂಡೇ ಬರುತ್ತಿದ್ದುದರಿಂದ ಆ ಹೆಸರು. ಕತ್ತಲೆಯಲ್ಲಿ ಮೊದಲು ಅವರ ಮುಖ ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು. ಅರ್ಧ ಗಂಟೆ ಇದೆ, ಕಿತ್ತು ಒಂದನೆಯದಕ್ಕೆ ಸಾಗಿಸಿ ಎಂದು ಕೈ ಬೀಸಿದರು. ಒಂದು, ಎರಡನೆಯ ಸುರಂಗದವರು ಹೆಗಲಿಗೆ ಗೋಣಿ ಮಡಚಿಟ್ಟುಕೊಂಡು ಸಿದ್ಧರಾಗಿ ನಿಂತಿದ್ದರು.

ಮಾವ ಸಲಾಕೆ ಎತ್ತಿ ಬಂಡೆಗೆ ತಟ್ಟಿದ. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಟ್ಟಿದ. ಎಡಗೈ ಒತ್ತಿ ಹಿಡಿದು ನಿಂತ. ಬಂಡೆ ಬೀಳುವ ಮೊದಲು ಸದ್ದು ಮಾಡುತ್ತದೆ. ಆ ಸದ್ದಿಗೂ ಮೊದಲು ಒಂದು ಮೌನ ಇರುತ್ತದೆ. ಮನೆಯಲ್ಲಿ ದೊಡ್ಡ ಜಗಳಕ್ಕೆ ಮೊದಲು ಇರುವಂಥದ್ದು. ಮಾವನ ಅಂಗೈಗೆ ಅದು ತಾಗಿತು.

ಒಳಗಿನವರನ್ನು ಹೊರಗೆ ಕಳಿಸಿ ಸಾರ್, ಕೀಳುತ್ತೇನೆ ಎಂದ. ಸಾಹೇಬರು ಆಗದು ಎಂದರು. ಆ ಹನ್ನೊಂದು ಜನ ಮೇಲೆ ಹತ್ತಿದರೆ ಟೀ ಕುಡಿಯುತ್ತಿರುವ ಇನ್ಸ್‌ಪೆಕ್ಟರ ಎದುರಿಗೇ ಹೋಗಿ ನಿಲ್ಲುತ್ತಾರೆ. ಕೆಲಸ ಬಿಟ್ಟು ಯಾಕೆ ಬಂದಿರಿ ಎಂದು ಅವರು ಕೇಳಿದರೆ ಈ ಪೆದ್ದರು ಏನು ಹೇಳುತ್ತಾರೋ. ಒಳಗೇ ಇರಲಿ. ಅರ್ಧ ದಿನದ ಮಾತು, ಊಟ ಆಗಿ ಅವರು ಹೋದ ಮೇಲೆ ಕಂಬ ವಾಪಸು ಬರುತ್ತವೆ. ಬಂಡೆಗೆ ಅಷ್ಟೂ ತಾಳ್ಮೆ ಇಲ್ಲವೇ?

ಮಾವ ನೀರಿಲ್ಲದ ಕಡೆ ನೋಡಿ ಸುತ್ತಿಗೆಯನ್ನು ನೆಲಕ್ಕೆ ಇಟ್ಟ. ಎಸೆಯಲಿಲ್ಲ. ಮಲಗಿದ ಮಗುವಿನ ಪಕ್ಕದಲ್ಲಿ ಇಡುವ ಹಾಗೆ ಇಟ್ಟ. ಅದರ ಮೇಲೆಯೇ ಕೂತ.

“ಆಗಲ್ಲ ಸಾರ್.”

ಇಪ್ಪತ್ತಾರು ವರ್ಷದಲ್ಲಿ ಅವನು ಈ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹೆಗಲ ಮೇಲಿನ ಗೋಣಿಗಳು ಒಂದೊಂದಾಗಿ ಕೆಳಗಿಳಿದವು. ಸಾಹೇಬರು ಬೇರೆಯವರಿಗೆ ಕೀಳಲು ಹೇಳಿದರು. ಒಬ್ಬ ಚಾವಣಿ ನೋಡಿದ, ಒಬ್ಬ ಮೂಗು ಉಜ್ಜಿಕೊಂಡ, ಒಬ್ಬ ತನಗೆ ಭುಜ ಉಳುಕಿದೆ ಎಂದು ಕಾಲು ಕುಂಟಿಸಿದ. ಇವರಲ್ಲಿ ಒಂದು ರೂಢಿ ಇದೆ. ಕಂಬ ನಿಲ್ಲಿಸಿದವನೇ ಅದನ್ನು ಕೀಳಬೇಕು. ಇನ್ನೊಬ್ಬ ಕೈ ಹಾಕಬಾರದು. ಯಾವ ಕಂಬದ ಮೇಲೆ ಎಷ್ಟು ಭಾರ ಕೂತಿದೆ, ಬೆಣೆ ಸಡಿಲಿಸಿದರೆ ಅದು ಯಾವ ಕಡೆ ಒದೆಯುತ್ತದೆ ಎಂಬುದು ಬೆಣೆ ಹೊಡೆದವನಿಗೇ ಗೊತ್ತು. ಅಪ್ಪಂದಿರ ಕಾಲದಿಂದ ಯಾರೂ ಈ ರೂಢಿ ಮುರಿದಿಲ್ಲ. ಮುರಿದವರಿದ್ದಿರಬಹುದು, ಅವರು ಬಂದು ಹೇಳಿಲ್ಲ. ನಲವತ್ತೆರಡನ್ನೂ ನಿಲ್ಲಿಸಿದವನು ಮಾವ.

“ನಿನ್ನನ್ನ ಇವತ್ತೇ ಕೆಲಸದಿಂದ ತೆಗೀತೀನಿ” ಎಂದರು ಸಾಹೇಬರು.

“ತೆಗೀರಿ ಸಾರ್. ಆಮೇಲೆ ಈ ಕಂಬಗಳನ್ನ ಯಾರು ತೆಗೀತಾರೆ ಅಂತ ಹೇಳಿ.”

ಹಿಂದಿನಿಂದ ಯಾರೋ ಕೆಮ್ಮಿದರು. ಅದು ಕೆಮ್ಮಾಗಿ ಶುರುವಾಗಿ ಬೇರೇನೋ ಆಗಿ ಮುಗಿಯಿತು. ಸಾಹೇಬರ ಪೌಡರಿನ ಕೆಳಗೆ ಮುಖ ಕೆಂಪಾಯಿತು. ನಾನೇ ಕೀಳುತ್ತೇನೆ, ಇದೇನು ಮಹಾ ವಿದ್ಯೆಯೇ ಎಂದರು. ಮಾವ ಎದ್ದ. ಸುತ್ತಿಗೆಯನ್ನು ಎರಡೂ ಕೈಯಿಂದ ಮರ್ಯಾದೆಯಾಗಿ ಅವರಿಗೆ ಕೊಟ್ಟ. ಮೊದಲ ಕಂಬದ ಹತ್ತಿರ ಕರೆದೊಯ್ದು ಬೆಣೆ ತೋರಿಸಿದ. ಹೊಸ ಅಳಿಯನಿಗೆ ಮನೆ ತೋರಿಸುವಂಥ ಸಮಾಧಾನ ಅವನ ದನಿಯಲ್ಲಿತ್ತು.

“ಇಲ್ಲಿ ಹೊಡೀಬೇಕು ಸಾರ್. ಎಡಗಡೆ ನಿಂತ್ಕೊಂಡ್ರೆ ಕಾಲು ಹೋಗತ್ತೆ.”

“ಬಲಗಡೆ ನಿಂತ್ಕೊಂಡ್ರೆ?”

“ಬಲಗಡೆ ಕಾಲಿನ ಚಿಂತೆ ಇರಲ್ಲ ಸಾರ್. ಯಾವ ಚಿಂತೇನೂ ಇರಲ್ಲ.”

ಸಾಹೇಬರು ಎಡಕ್ಕೆ ನಿಂತರು. ಬಲಕ್ಕೆ ನಿಂತರು. ಕಂಬದ ಎದುರಿಗೆ ನಿಂತರು. ಸುತ್ತಿಗೆ ಎತ್ತಿ, ಬಾಗಿಲು ತಟ್ಟುವಷ್ಟು ಮೆತ್ತಗೆ ಬೆಣೆಗೆ ಒಂದೇಟು ಹಾಕಿದರು. ಬೆಣೆ ಕದಲಲಿಲ್ಲ. ಮೇಲಿನಿಂದ ಮಾತ್ರ ಒಂದು ಹಿಡಿ ಕರಿಯ ಪುಡಿ ಇಳಿದು ಅವರ ಮುಖದ ಬಿಳಿಯ ಪುಡಿಯ ಮೇಲೆ ಕೂತಿತು. ಅದರ ಹಿಂದೆ ಬಂಡೆಯ ಹೊಟ್ಟೆಯೊಳಗಿನಿಂದ ಒಂದು ಗೊಣಗು, ಮುದುಕರು ಮಗ್ಗುಲು ಬದಲಿಸುವಾಗ ಮಾಡುವಂಥದ್ದು. ಸುತ್ತಿಗೆ ಎಲ್ಲಿ ಬಿತ್ತು, ಸಾಹೇಬರು ಎಲ್ಲಿ ಹೋದರು ಎಂದು ಯಾರಿಗೂ ತಿಳಿಯಲಿಲ್ಲ. ಹೆಲ್ಮೆಟ್ ಒಂದೇ ನೀರಿನಲ್ಲಿ ತೇಲುತ್ತಿತ್ತು.

ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವ ಮಾತ್ರ ನೀರಿನಲ್ಲಿ ತಡಕಿ ಸುತ್ತಿಗೆ ತೆಗೆದು, ಆ ಬೆಣೆಗೆ ಇನ್ನೊಂದೇಟು ಹಾಕಿ ಬಿಗಿ ಮಾಡಿದ.

ಸಾಹೇಬರು ಓಡಿಹೋದರೂ ಅವರ ಬುದ್ಧಿ ಓಡಿಹೋಗಿರಲಿಲ್ಲ. ಮೂರನೆಯ ಸುರಂಗಕ್ಕೆ ಹಿಂದಿನಿಂದ ಇನ್ನೊಂದು ಬಾಯಿತ್ತು. ಇಪ್ಪತ್ತು ನಿಮಿಷ ಕಳೆದು ಆ ಕಡೆಯಿಂದ ದೀಪಗಳು ಬಂದವು. ಮುಂದೆ ಸಾಹೇಬರು, ಮುಖ ತೊಳೆದು ಮತ್ತೆ ಪೌಡರ್ ಹಾಕಿಕೊಂಡು. ಹಿಂದೆ ಟೀ ಮುಗಿಸಿದ ಇನ್ಸ್‌ಪೆಕ್ಟರ್. ಆ ಬಾಯಲ್ಲಿ ‘ಒಂದನೆಯ ಸುರಂಗ’ ಎಂಬ ಹಲಗೆ ನೇತಾಡುತ್ತಿತ್ತು. ಕಂಬ ನಡೆಯಲು ಒಪ್ಪದಿದ್ದರೆ ಇನ್ಸ್‌ಪೆಕ್ಟರನ್ನೇ ನಡೆಸಬೇಕೆಂದು ಸಾಹೇಬರಿಗೆ ಹೊಳೆದಿತ್ತು.

ಇನ್ಸ್‌ಪೆಕ್ಟರ್ ಕಂಬಗಳನ್ನು ನೋಡಿದರು. ಹನ್ನೊಂದು ಬೆನ್ನುಗಳನ್ನು ನೋಡಿದರು. ಮಾವನ ಮುಂದೆ ನಿಂತರು.

“ಇವರನ್ನ ಎಲ್ಲೋ ನೋಡಿದ ಹಾಗಿದೆಯಲ್ಲ.”

“ಬೆಳಿಗ್ಗೆ ನೋಡಿದ್ದು ಇವನ ತಮ್ಮನ್ನ ಸಾರ್” ಎಂದರು ಸಾಹೇಬರು. “ಅವಳಿ ಮಕ್ಕಳು.”

ಇನ್ಸ್‌ಪೆಕ್ಟರ್ ಹೂಂಗುಟ್ಟಿ ಬರೆದುಕೊಂಡು ಊಟಕ್ಕೆ ಹೋದರು. ನಿಜವಾಗಿ ಅವರಿಗೆ ತಿಳಿಯಲಿಲ್ಲವೇ ಎಂದು ಆಮೇಲೆ ಗಣಿಯಲ್ಲಿ ಬಹಳ ಚರ್ಚೆ ಆಯಿತು. ತಿಳಿಯದೆ ಇರುವುದೂ ಒಂದು ಉದ್ಯೋಗ. ಕೆಲವರು ಅದರಲ್ಲೇ ನಿವೃತ್ತರಾಗುತ್ತಾರೆ.

ಊಟ ಮುಗಿಸಿ ಮತ್ತೆ ಬಂದರು, ಈ ಸಲ ಮುಂದಿನ ಬಾಯಿಂದ. ಹಲಗೆಯ ಮೇಲೆ ‘ಎರಡನೆಯ ಸುರಂಗ’ ಎಂದಿತ್ತು. ಮಾವ ಅದನ್ನು ಓದಿದ. ಅವನು ಅಲ್ಲಿಯವರೆಗೆ ಗೆದ್ದಿದ್ದ. ಕಂಬ ಕೀಳಲಿಲ್ಲ, ಹನ್ನೊಂದು ಜನ ಬದುಕಿದ್ದರು. ಸುಮ್ಮನಿದ್ದರೆ ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗಬಹುದು, ಕೆಲಸವೂ ಉಳಿಯಬಹುದು. ಸುಮ್ಮನಿರುವುದು ಅವನಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಆದರೆ ಹಲಗೆಯ ಆ ಎರಡು ಪದ ಅವನ ಕಣ್ಣಿಗೆ ಚುಚ್ಚುತ್ತಿದ್ದವು. ಎರಡನೆಯ ಸುರಂಗದಲ್ಲಿ ಎಲ್ಲ ಸರಿಯಿದೆ ಎಂದು ಈ ಮನುಷ್ಯ ಈಗ ಬರೆಯುತ್ತಾನೆ. ನಾಳೆ ಬೆಳಿಗ್ಗೆ ಹದಿನೇಳು ಜನ ನಿಜವಾದ ಎರಡನೆಯದಕ್ಕೆ ಇಳಿಯುತ್ತಾರೆ. ಬಂಡೆ ಬಿದ್ದರೆ ಕಂಪನಿ ಪುಸ್ತಕ ತೆರೆದು ತೋರಿಸುತ್ತದೆ, ಕಂಬಗಳಿದ್ದವು ನೋಡಿ ಎಂದು. ಯಾರೋ ಮತ್ತೆ ಏನನ್ನೋ ಮರೆತಿರುತ್ತಾನೆ. ಕಾಗದದ ಮೇಲಿನ ಕಂಬ ಕಂಪನಿಯ ತಲೆ ಕಾಯುತ್ತದೆ. ಭಾವಮೈದನ ಕಾಲು ಕಾಯಲಿಲ್ಲ. ಅವತ್ತು ಕಿತ್ತವನು ತಾನು. ಕೀಳುವಾಗಲೂ ಬಂಡೆ ಬದ್ ಎಂದಿತ್ತು. ಕೇಳಿಸಿಕೊಂಡಿದ್ದ, ಹೇಳಿರಲಿಲ್ಲ.

ಇನ್ಸ್‌ಪೆಕ್ಟರ್ ಮತ್ತೆ ಅವನ ಮುಂದೆ ನಿಂತರು. ಮುಖಕ್ಕೆ ದೀಪ ಹಿಡಿದರು. ಅನುಮಾನದಿಂದ ಸಾಹೇಬರ ಕಡೆ ತಿರುಗಿ, “ಇವರು ಮೂವರಾ?” ಎಂದು ಕೇಳಿದರು.

ಸಾಹೇಬರು ಬಾಯಿ ತೆರೆದರು. ಮಾವ ಅವರಿಗಿಂತ ಮೊದಲೇ ತೆರೆದ.

“ನಮ್ಮಮ್ಮ ಹೆತ್ತಿದ್ದು ನನ್ನೊಬ್ಬನ್ನೇ ಸಾರ್. ಪಾಪ, ಅವಳು ಹೋಗಿಬಿಟ್ಟಿದ್ದಾಳೆ, ಇವರು ಇಲ್ಲಿ ಹೆರಿಗೆ ಮಾಡಿಸ್ತಾನೇ ಇದ್ದಾರೆ. ನೀವು ಮೂರು ಸಲ ನೋಡಿದ್ದು ಒಂದೇ ಸುರಂಗ, ಒಂದೇ ನಲವತ್ತೆರಡು ಕಂಬ, ಒಂದೇ ನಾನು. ಎರಡನೇದು ಆ ಕಡೆ ಇದೆ. ಬನ್ನಿ, ತೋರಿಸ್ತೀನಿ.”

ಅವನ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದು ಕೇಳಿ ಹನ್ನೊಂದು ಗುದ್ದಲಿಗಳೂ ನಿಂತವು. ಮಾವ ಹೊರಟೇಬಿಟ್ಟ. ಹಿಂದೆ ಕಡಿಯುವವರು, ಹೊರುವವರು, ತಳ್ಳುವವರು. ನಡುವೆ ಸಿಕ್ಕಿಕೊಂಡ ಇನ್ಸ್‌ಪೆಕ್ಟರಿಗೆ ಹಿಂದಕ್ಕೆ ಹೋಗಲು ದಾರಿಯೇ ಉಳಿಯಲಿಲ್ಲ, ಅವರೂ ನಡೆದರು. ಸಾಹೇಬರು ಪಕ್ಕದಲ್ಲಿ ಗೋಡೆಗೆ ಉಜ್ಜಿಕೊಂಡು ಓಡುತ್ತ, ಅಲ್ಲಿಗೆ ಹೋಗಬೇಡಿ ಸಾರ್, ಅಲ್ಲಿ ಬಹಳ ಅಪಾಯ ಎಂದು ಬೇಡಿಕೊಂಡರು.

“ಏನಪಾಯ?” ಎಂದರು ಇನ್ಸ್‌ಪೆಕ್ಟರ್.

ಸಾಹೇಬರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡು ಬಾಯಿ ಮುಚ್ಚಿದರು.

ನಿಜವಾದ ಎರಡನೆಯ ಸುರಂಗದ ಬಾಯಿ ಬಂತು. ಮಾವ ತಲೆಯ ದೀಪವನ್ನು ಒಳಕ್ಕೆ ತಿರುಗಿಸಿದ. ಬೆಳಕು ಹೋದಷ್ಟು ದೂರವೂ ಬರಿಯ ಬಂಡೆ. ಕೆಳಗೆ ಕಂಬಗಳಿದ್ದ ಕಡೆ ಗುಳಿಗಳು, ಗುಳಿಗಳಲ್ಲಿ ನೀರು. ಚಾವಣಿಯಲ್ಲಿ ಮಂಚದಗಲದ ಒಂದು ಬೋಳು ಜಾಗ. ಮಾವ ಒಳಗೆ ಎರಡು ಹೆಜ್ಜೆ ಇಟ್ಟು, ಅತಿಥಿಯನ್ನು ಕರೆಯುವಂತೆ ಕೈ ತೋರಿದ.

“ಬನ್ನಿ ಸಾರ್.”

ಇನ್ಸ್‌ಪೆಕ್ಟರ್ ಹೊಸ್ತಿಲಿನಲ್ಲಿಯೇ ನಿಂತರು. ಬೂಟಿನ ತುದಿಯನ್ನೂ ಮುಂದಿಡಲಿಲ್ಲ.

“ಒಳಗೆ ಬರೋಕಾಗಲ್ಲ.”

“ಯಾಕೆ ಸಾರ್?”

“ಕಂಬಾನೇ ಇಲ್ವಲ್ಲ.”

“ಅದನ್ನೇ ಬರೀರಿ.”

ಮೇಲಿನಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಇನ್ಸ್‌ಪೆಕ್ಟರ್ ಪುಸ್ತಕವನ್ನು ಕಂಕುಳಿಗೆ ಇಟ್ಟುಕೊಂಡರು. ಇಲ್ಲಿ ಕತ್ತಲು, ಮೇಲೆ ಆಫೀಸಿಗೆ ಹೋಗಿ ನಿಧಾನವಾಗಿ ಬರೆಯುತ್ತೇನೆ ಎಂದರು. ಸಾಹೇಬರ ಮುಖದಲ್ಲಿ ಜೀವ ಬಂತು. ಹೌದು ಸಾರ್, ಎಂಥ ಕತ್ತಲು ಎಂದರು.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ತಲೆ ತಿರುಗಿಸಿದ. ಅವನ ಹಣೆಯ ದೀಪ ಇನ್ಸ್‌ಪೆಕ್ಟರ ಕಂಕುಳಿನ ಪುಸ್ತಕದ ಮೇಲೆ ಬಿತ್ತು. ಪಕ್ಕದವನು ತಿರುಗಿಸಿದ. ಅವನ ಪಕ್ಕದವನೂ. ಎರಡು, ಐದು, ಹತ್ತು, ಮೂವತ್ತು. ಒಬ್ಬರ ಹಿಂದೆ ಒಬ್ಬರು ಎತ್ತರಿಸಿದ ಕತ್ತುಗಳಿಂದ ಬೆಳಕೆಲ್ಲ ಬಂದು ಆ ಒಂದು ಪುಸ್ತಕದ ಮೇಲೆ ಕೂತಿತು. ಆಫೀಸಿನಲ್ಲೂ ಅಷ್ಟು ಬೆಳಕು ಇರಲಾರದು. ಇನ್ಸ್‌ಪೆಕ್ಟರ್ ಕಣ್ಣು ಕಿರಿದು ಮಾಡಿಕೊಂಡು ಪುಸ್ತಕ ತೆರೆದರು. ಬೆಳಿಗ್ಗೆಯಿಂದ ತಾವೇ ಗೀಚಿದ್ದ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಪೆನ್ನಿನ ಮುಚ್ಚಳ ಕೈಜಾರಿ ನೀರಿಗೆ ಬಿತ್ತು. ಯಾರೂ ಬಗ್ಗಲಿಲ್ಲ.

“ಎರಡನೆಯ ಸುರಂಗ” ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದರು. ತಲೆ ಎತ್ತಿ ಮಾವನನ್ನು ಕೇಳಿದರು: “ಕಂಬ ಎಷ್ಟು ಅಂತ ಹಾಕಲಿ?”

“ಸೊನ್ನೆ” ಎಂದ ಮಾವ. “ಸ್ವಲ್ಪ ದೊಡ್ಡದಾಗಿ ಬರೀರಿ ಸಾರ್. ಹಿಂದೆ ನಿಂತಿರೋರಿಗೂ ಕಾಣಬೇಕು.”